ತೋಟದೊಳಗಿನ ಕಡಂಗ

ಕೊಡಗಿನ ಗೋಣಿಕೊಪ್ಪ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಕಾಫಿ ತೋಟದ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಹಳೇ ಕಂದಕ ಇದೆ. ಆನೆ ಬಾರದ ಹಾಗೆ ಯಾರೋ ತೋಡಿಸಿದ್ದು ಅಂತಾನೆ ಮಗ. ಜೆಸಿಬಿ ತರಿಸಿ ಮುಚ್ಚಿ, ಜೀಪ್ ದಾರಿ ಮಾಡೋಣ ಅನ್ನುತ್ತಿದ್ದಾನೆ. ನಮ್ಮಜ್ಜ ಅದನ್ನು ಕಡಂಗ ಅನ್ನುತ್ತಿದ್ದರು. ಹಾಗಂದರೇನು? ಮುಚ್ಚಿದರೆ ತಪ್ಪಾ?"

ಸಂಪಾದಕರ ಉತ್ತರ:

ನಿಮ್ಮಜ್ಜನ ಮಾತೇ ಸರಿ ಇರಬೇಕು. ಕಡಂಗ ಅಂದರೆ ಹಿಂದಿನವರು ಗಡಿಗೆ, ಕಾವಲಿಗೆ ಅಂತ ತೋಡಿದ ಕಂದಕ. ಜೆಸಿಬಿಯವರಿಗೆ ಸದ್ಯ ಬರಬೇಡಿ ಅಂತ ಹೇಳಿಬಿಡಿ.

ಆನೆ ಕಂದಕ ಈಚಿನದು. ಅದು ಕಾಡಿನ ಅಂಚು ಹಿಡಿದು ಹೋಗುತ್ತದೆ. ಕಡಂಗ ಹಾಗಲ್ಲ. ಗದ್ದೆ ಬದಿಯಿಂದ ಶುರುವಾಗಿ, ಗುಡ್ಡ ಹತ್ತಿ, ಆಚೆ ಇಳಿದು, ಇನ್ನೊಬ್ಬರ ತೋಟಕ್ಕೆ ನುಗ್ಗುತ್ತದೆ. ಅಗೆದ ಮಣ್ಣನ್ನು ಪಕ್ಕದಲ್ಲೇ ಏರಿಯಾಗಿ ಪೇರಿಸಿರುತ್ತಾರೆ. ಆ ಏರಿಯ ಮೇಲೆ ನೋಡಿ. ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪದ ಮರ ಬೆಳೆದಿದೆಯಾ? ಹಾಗಿದ್ದರೆ ಅದು ಆನೆಗೆಂದು ಮೊನ್ನೆ ಮೊನ್ನೆ ತೋಡಿದ್ದಲ್ಲ.

ವಿರಾಜಪೇಟೆ ಹತ್ತಿರ ಸ್ನೇಹಿತರ ತೋಟದಲ್ಲಿ ಒಂದು ಕಡಂಗಕ್ಕೆ ನಾನು ಇಳಿದಿದ್ದೆ. ಮಧ್ಯಾಹ್ನದ ಹೊತ್ತು. ಮೇಲೆ ಬಿಸಿಲು, ಒಳಗೆ ತಣ್ಣಗೆ. ಕಾಲಡಿ ಒಂದು ಗೇಣು ತರಗೆಲೆ. ಗೋಡೆಯ ತುಂಬ ಜರಿಗಿಡ. ನಡುನಡುವೆ ಹಲಸಿನ ಬೇರು ಹೊರಗೆ ಚಾಚಿತ್ತು. ನಾನು ಕೈ ಎತ್ತಿದರೂ ಏರಿಯ ತಲೆ ಸಿಗಲಿಲ್ಲ. ಬ್ರಿಟಿಷರ ಕಾಲದ ಗೆಜೆಟಿಯರ್ ಪ್ರಕಾರ ಕೆಲವು ಕಡೆ ಕಂದಕದ ತಳದಿಂದ ಏರಿಯ ತುದಿಗೆ 40 ಅಡಿ ಇತ್ತಂತೆ. ಗುದ್ದಲಿ, ಬುಟ್ಟಿ ಬಿಟ್ಟರೆ ಬೇರೆ ಏನೂ ಇಲ್ಲದ ಕಾಲದಲ್ಲಿ ಮಾಡಿದ ಕೆಲಸ ಇದು!

ಎಷ್ಟು ಹಳೆಯದು ಅಂದರೆ, 9 ಮತ್ತು 10ನೇ ಶತಮಾನದ ಶಾಸನಗಳಲ್ಲೇ ಕಡಂಗದ ಮಾತು ಬರುತ್ತದೆ. ಕೊಡಗನ್ನು ಆಳಿದ ಹಾಲೇರಿ ರಾಜರು ಬಂದದ್ದು, 1681ರಲ್ಲಿ ಅದೇ ವಂಶದ ಮುದ್ದುರಾಜ ಮಡಿಕೇರಿ ಕಟ್ಟಿದ್ದು, ಎಲ್ಲ ಆಮೇಲಿನ ಕಥೆ. ಅದಕ್ಕೂ ಮೊದಲು ಕೊಡಗು ಒಬ್ಬ ರಾಜನ ಕೈಯಲ್ಲಿರಲಿಲ್ಲ. ಸೀಮೆಯನ್ನು ಕೊಂಬು, ನಾಡು ಅಂತ ಭಾಗ ಮಾಡಿದ್ದರು; ಹನ್ನೆರಡು ಕೊಂಬು, ಮೂವತ್ತೈದು ನಾಡು ಅಂತ ಹಳಬರು ಹೇಳುವುದು ನೀವೂ ಕೇಳಿರುತ್ತೀರಿ. ನಾಡುನಾಡಿಗೆ ನಾಯಕರು. ಅವರವರಲ್ಲೇ ಜಗಳ.

ಇಲ್ಲಿಯ ನೆಲವೂ ಹಾಗೇ ಇದೆ ಅಲ್ವಾ? ಬಯಲು ಸೀಮೆಯ ಹಾಗೆ ಮನೆಗಳು ಒತ್ತೊತ್ತಾಗಿ ಇಲ್ಲ. ಒಂದು ಗುಡ್ಡದ ಮಗ್ಗುಲಲ್ಲಿ ಒಂದು ಐನ್‌ಮನೆ (ಒಂದು ಮನೆತನದ ಮೂಲ ಮನೆ), ಕೆಳಗೆ ಅದರ ಗದ್ದೆ, ಮೇಲೆ ಅದರ ಬಾಣೆ, ಅಂದರೆ ಗದ್ದೆಗೆ ಸೇರಿದ ಮರಗಾಡು. ಇನ್ನೊಂದು ಮನೆ ಇನ್ನೊಂದು ಗುಡ್ಡಕ್ಕೆ. ಇಂಥ ಕಡೆ ಊರ ಸುತ್ತ ಕೋಟೆ ಕಟ್ಟುತ್ತೇವೆ ಅಂದರೆ ಯಾವ ಊರಿನ ಸುತ್ತ ಕಟ್ಟುವುದು? ಅದಕ್ಕೇ ನೆಲವನ್ನೇ ಅಗೆದರು. ಗಡಿಯೂ ಅದೇ, ಕಾವಲೂ ಅದೇ. ನಿಮಗೆ ಹತ್ತಿರದಲ್ಲೇ ಕಡಂಗ ಅನ್ನುವ ಊರೇ ಇದೆ.

ಮಗನಿಗೆ ಇನ್ನೊಂದು ಮಾತು ಹೇಳಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡಗಳು ಜರಿದದ್ದನ್ನು ಅವರೂ ನೋಡಿದ್ದಾರೆ. ವಿಪರೀತ ಮಳೆ ಬಂತು, ನಿಜ. ಆದರೆ ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿದದ್ದೂ ಒಂದು ಕಾರಣ. ಕಂದಕಕ್ಕೆ ಸುಮ್ನೆ ಸಡಿಲ ಮಣ್ಣು ತುಂಬಿ ಮೇಲೆ ಜೀಪ್ ಓಡಿಸಿದರೆ, ಜುಲೈ ಮಳೆಗೆ ಆ ಮಣ್ಣು ನೀರು ಕುಡಿದು ಕೆಳಗಿನ ಗಿಡಗಳ ಮೇಲೆ ಬಂದು ಕೂರಬಹುದು. ನಷ್ಟ ನಿಮಗೇ.

ದಾರಿ ಬೇಕು ಅನ್ನುವುದು ಸರಿಯೇ. ಕಾಫಿ ಮೂಟೆ ತಲೆ ಮೇಲೆ ಹೊರಿ ಅಂತ ನಾನು ಹೇಳುವುದಿಲ್ಲ. ಕಡಂಗದ ಉದ್ದಕ್ಕೂ ಒಮ್ಮೆ ನಡೆದು ನೋಡಿ. ಎಲ್ಲೋ ಒಂದು ಕಡೆ ಏರಿ ಕುಸಿದು ದನ ದಾಟುವ ಜಾಗ ಇದ್ದರೆ, ಅಲ್ಲೇ ಒಂದು ಜೀಪಿನ ಅಗಲಕ್ಕೆ ದಾಟಿಸಿ. ನೀರು ಹೋಗಲು ಕೆಳಗೆ ಪೈಪ್ ಇಡಿ. ಉಳಿದದ್ದು ಇದ್ದ ಹಾಗೇ ಇರಲಿ.

ಹಾಗೇ ಒಂದು ಉಪಕಾರ ಮಾಡಿ. ಕಂದಕದ ಆಚೆ ಬದಿಯ ಜಾಗಕ್ಕೂ ಈಚೆ ಬದಿಯ ಜಾಗಕ್ಕೂ ನಿಮ್ಮಲ್ಲಿನ ಹಿರಿಯರು ಏನೇನು ಹೆಸರು ಹೇಳುತ್ತಾರೆ, ಯಾವುದು ಯಾವ ನಾಡಿಗೆ ಸೇರಿತ್ತು, ಕೇಳಿ ಬರೆದು ಕಳಿಸಿ. ಏರಿ ಮೇಲಿನ ಆ ದೊಡ್ಡ ಮರದ ಫೋಟೋ ಕೂಡ.