‘ಸವೆದಿದೆ’ ಎಂದು ಕೇಳಿ ಬಗ್ಗುವುದನ್ನೇ ಬಿಟ್ಟ ಅಮ್ಮ

ಈ ಪ್ರಕರಣವನ್ನು ಬರೆಯಲು ಕಾರಣ ಉಂಟು. ಆಪ್ತಸಲಹೆ ಕೊಡುವ ನಾನು ಇದೇ ಕಥೆಯನ್ನು ಕೆಲವು ವರ್ಷಗಳಿಂದ ಬೇರೆ ಬೇರೆ ಬಾಯಲ್ಲಿ ಕೇಳುತ್ತಾ ಬಂದಿದ್ದೇನೆ. ಮೊದಲು ಒಂದು ಸೊಂಟನೋವು. ಆಮೇಲೆ ಎಕ್ಸ್‌ರೇ, ಇಲ್ಲವೇ ಎಂಆರ್‌ಐ. ಆಮೇಲೆ ‘ಮೂಳೆ ಸವೆದಿದೆ’ ಎಂಬ ಮಾತು. ಅಲ್ಲಿಂದ ಮುಂದೆ ಕೆಲಸ ಬಿಡುತ್ತಾರೆ, ನಡೆಯುವುದು ಬಿಡುತ್ತಾರೆ, ಮದುವೆಗೆ, ಭೂತಕೋಲಕ್ಕೆ ಹೋಗುವುದನ್ನೂ ಬಿಡುತ್ತಾರೆ. ನೋವು ಮಾತ್ರ ಹಾಗೇ ಇರುತ್ತದೆ.

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಅಮ್ಮ ಎಂದೇ ಕರೆಯುತ್ತೇನೆ. ಬರೆಯುತ್ತೇನೆ ಎಂದು ಅವರಿಗೆ ಹೇಳಿ, ಒಪ್ಪಿಗೆ ಕೇಳಿದ್ದೇನೆ.

ವಯಸ್ಸು 63. ಉಡುಪಿ ಹತ್ತಿರದ, ಮಲ್ಲಿಗೆ ಬೆಳೆಯುವ ಒಂದು ಹಳ್ಳಿ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯುವುದು, ಬಾಳೆನಾರಿನಲ್ಲಿ ಕಟ್ಟುವುದು, ಆ ದಿನ ಎಷ್ಟು ಅಟ್ಟೆ (ಮಲ್ಲಿಗೆ ಮಾರುವ ಅಳತೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ) ಆಯಿತು, ದರ ಎಷ್ಟು ಎಂದು ವಿಚಾರಿಸುವುದು. ನಲವತ್ತು ವರ್ಷ ಇದೇ ದಿನಚರಿ. ನನ್ನ ಹತ್ತಿರ ಬರುವುದಕ್ಕೆ ಎರಡು ವರ್ಷ ಮೊದಲು ಬಾವಿಕಟ್ಟೆಯಿಂದ ಕೊಡಪಾನ ಎತ್ತುವಾಗ ಸೊಂಟ ಹಿಡಿದುಕೊಂಡಿತು. ನಾಲ್ಕೈದು ವಾರದಲ್ಲಿ ನೋವು ಬಹಳಷ್ಟು ಇಳಿಯಿತು. ಆದರೆ ಅಷ್ಟರಲ್ಲಿ ರಿಪೋರ್ಟ್ ಬಂದಿತ್ತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ದಿನಾ ರಾತ್ರಿ ಫೋನ್ ಮಾಡಿ ಹೆಂಡತಿಯ ಹತ್ತಿರ ಕೇಳುವ ಮೊದಲ ಪ್ರಶ್ನೆ: “ಅಮ್ಮ ಇವತ್ತು ಬಗ್ಗಲಿಲ್ಲ ಅಲ್ವಾ?”

ಅಮ್ಮ ನನ್ನ ಹತ್ತಿರ ಬಂದದ್ದು ಸೊಂಟಕ್ಕಾಗಿ ಅಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ಸುಮ್ನೆ ಅಳು ಬರುತ್ತದೆ, ಊಟ ಸೇರುವುದಿಲ್ಲ ಎಂದು ಸೊಸೆ ಕರೆದುಕೊಂಡು ಬಂದಿದ್ದರು. ಸೀರೆಯ ಮೇಲೆ ಬೆಲ್ಟ್ ಕಟ್ಟಿಕೊಂಡು, ಕುರ್ಚಿಯ ತುದಿಯಲ್ಲಿ, ಗಾಜಿನ ಪಾತ್ರೆ ಇಟ್ಟ ಹಾಗೆ ಕೂತಿದ್ದರು. ಮೊದಲ ಎರಡು ಭೇಟಿಗಳಲ್ಲಿ ಹೆಚ್ಚು ಮಾತಾಗಲಿಲ್ಲ. ಮೂರನೆಯದರಲ್ಲಿ ನಾನು, ದಿನಾ ಸ್ವಲ್ಪ ನಡೆದರೆ ನಿದ್ದೆಗೂ ಒಳ್ಳೆಯದು ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದರು.

“ನಂಗೆ ಒಂದು ಅರ್ಥ ಆಗುದಿಲ್ಲ ಮೇಡಂ. ಚಪ್ಪಲಿ ಸವೆದರೆ ನಾವು ಎಂತ ಮಾಡ್ತೇವೆ? ಉಳಿದದ್ದಾದರೂ ಬಾಳಿಕೆ ಬರಲಿ ಅಂತ ಕಮ್ಮಿ ಹಾಕ್ತೇವೆ. ನನ್ನ ಮೂಳೆ ಸವೆದಿದೆಯಂತೆ. ಮತ್ತೆ ನಡೆದರೆ ಉಳಿದದ್ದೂ ಮುಗಿಯುದಿಲ್ವಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಲ್ಲಿಯವರೆಗೆ ಅವರದ್ದು ಬರೀ ಹೆದರಿಕೆ ಎಂದುಕೊಂಡಿದ್ದೆ. ಹಾಗಲ್ಲ. ಅವರು ಉಳಿತಾಯ ಮಾಡುತ್ತಿದ್ದರು. ಅಟ್ಟೆಯ ದುಡ್ಡಿನಲ್ಲಿ ಮಗನನ್ನು ಓದಿಸಿದ ಹೆಂಗಸು, ಈಗ ಉಳಿದ ಸೊಂಟವನ್ನು ಅದೇ ಜಾಗ್ರತೆಯಲ್ಲಿ ಎತ್ತಿಟ್ಟಿದ್ದರು. ‘ಸವೆತ’ ಎಂಬ ಮಾತನ್ನು ನಂಬಿದವರು ಯಾರೇ ಆದರೂ ಅದನ್ನೇ ಮಾಡುತ್ತಾರೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ. “ಅಮ್ಮ, ಮಲ್ಲಿಗೆ ತೋಟಕ್ಕೆ ಹೋಗುವಾಗ ಕಾಲಿಗೆ ಎಂತ ಹಾಕ್ತಿದ್ರಿ?”

“ಎಂತದೂ ಇಲ್ಲ. ಮಲ್ಲಿಗೆ ಗಿಡದ ಬುಡಕ್ಕೆ ಯಾರಾದರೂ ಚಪ್ಪಲಿ ಹಾಕಿ ಹೋಗ್ತಾರಾ?”

“ನಲವತ್ತು ವರ್ಷ ಬರಿಗಾಲಿನಲ್ಲಿ ನಡೆದಿದ್ದೀರಿ. ಹಿಮ್ಮಡಿ ಸವೆದಿದೆಯಾ?”

ಅಮ್ಮ ಸೀರೆಯ ಅಂಚನ್ನು ಸ್ವಲ್ಪ ಸರಿಸಿ ತಮ್ಮ ಕಾಲು ನೋಡಿಕೊಂಡರು. ಹಿಮ್ಮಡಿಯ ಸುತ್ತ ದಪ್ಪ ಚರ್ಮ. ಬೇಸಿಗೆಯ ಗದ್ದೆಯ ಹಾಗೆ ಅಲ್ಲಲ್ಲಿ ಬಿರುಕು. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. ಅದಕ್ಕೆ ಅವರು ಬಗ್ಗಿದ್ದರು. ನಾನು ಆ ಮಾತು ಎತ್ತಲಿಲ್ಲ.

“ಸವೆದಿಲ್ಲ. ದಪ್ಪ ಆಗಿದೆ,” ಎಂದರು. ಆಮೇಲೆ ತಾವಾಗಿಯೇ ಹೇಳಿದರು. “ಮೊದಲು ಇನ್ನೂ ಗಟ್ಟಿ ಇತ್ತು. ಈ ಎರಡು ವರ್ಷದಲ್ಲಿ ಮೆತ್ತಗಾಗಿದೆ. ಮೊನ್ನೆ ಅಂಗಳದಲ್ಲಿ ಒಂದು ಜಲ್ಲಿ ಚುಚ್ಚಿತು. ಮೊದಲಾದರೆ ಗೊತ್ತೇ ಆಗ್ತಿರ್ಲಿಲ್ಲ.”

ನಾನು ಎಷ್ಟು ವಿವರಿಸಿದ್ದರೂ ಇಷ್ಟು ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಬಳಸಿದರೆ ಚಪ್ಪಲಿ ಸವೆಯುತ್ತದೆ, ಯಾಕೆಂದರೆ ಅದಕ್ಕೆ ಜೀವ ಇಲ್ಲ. ಜೀವ ಇರುವ ಮೈ ಬಳಸಿದಷ್ಟು ಗಟ್ಟಿಯಾಗುತ್ತದೆ, ಬಿಟ್ಟರೆ ಮೆತ್ತಗಾಗುತ್ತದೆ. ಸೊಂಟದ ಸುತ್ತಲಿನ ಸ್ನಾಯುಗಳೂ ಹಾಗೆಯೇ, ಮೂಳೆಯೂ ಹಾಗೆಯೇ. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್‌ನ ಒಳಗೆ ರಕ್ತನಾಳವೇ ಇಲ್ಲ. ನಾವು ಅಲ್ಲಾಡಿದಾಗ, ಭಾರ ಬಿದ್ದು ಇಳಿದಾಗ ಅದರೊಳಗೆ ನೀರು, ಆಹಾರ ಹೋಗಿ ಬರುತ್ತದೆ. ಅಲುಗಾಡದೆ ಕೂತರೆ ಅದಕ್ಕೆ ಉಪವಾಸವೇ.

ರಿಪೋರ್ಟ್ ಸುಳ್ಳು ಎಂದು ನಾನು ಹೇಳಿಲ್ಲ. ಅದರಲ್ಲಿ ಕಂಡದ್ದು ಇದ್ದದ್ದೇ. ಆದರೆ ಅದು ಬೇರೆ ಯಾರಲ್ಲಿ ಎಷ್ಟು ಕಾಣುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ದೊಡ್ಡ ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ಶೇಕಡಾ 37 ಮಂದಿಯಲ್ಲಿ ಡಿಸ್ಕ್ ಸವೆತ ಕಂಡಿತ್ತು. 60ರವರಲ್ಲಿ ಶೇಕಡಾ 88. ಅಂದರೆ ಅಮ್ಮನ ಪ್ರಾಯದ ಹತ್ತು ಜನರನ್ನು, ನೋವಿಲ್ಲದೆ ರಥಬೀದಿಯಲ್ಲಿ ಸುತ್ತು ಹಾಕುವವರನ್ನು, ಹಿಡಿದು ಸ್ಕ್ಯಾನ್ ಮಾಡಿದರೆ ಎಂಟು ಒಂಬತ್ತು ಜನಕ್ಕೆ ಇದೇ ರಿಪೋರ್ಟ್ ಬರುತ್ತದೆ. ಇದನ್ನು ನಾನು “ತಲೆಕೂದಲು ನೆರೆದ ಹಾಗೆ, ಬೆನ್ನಿನ ಒಳಗೂ ನೆರೆಯುತ್ತದೆ ಅಮ್ಮ” ಎಂದು ಹೇಳಿದೆ. ರಿಪೋರ್ಟ್ ಕೈಯಲ್ಲಿ ಕೊಡುವವರು ಈ ಒಂದು ವಾಕ್ಯವನ್ನು ಜೊತೆಗೆ ಹೇಳಿದರೆ ನನ್ನಂಥವರ ಹತ್ತಿರ ಬರುವ ಎಷ್ಟೋ ಜನ ಬರಬೇಕಾಗಿಯೇ ಇಲ್ಲ. ಇದು ನನ್ನ ಗಟ್ಟಿ ನಂಬಿಕೆ.

ಆಪ್ತಸಲಹೆ ಕೊಡುವವಳು ಸೊಂಟದ ವ್ಯಾಯಾಮಕ್ಕೆ ಯಾಕೆ ಕೈ ಹಾಕಬೇಕು ಎಂದು ಕೆಲವರು ಕೇಳಿದ್ದಾರೆ. ವ್ಯಾಯಾಮ ಹೇಳಿಕೊಟ್ಟದ್ದು ನಾನಲ್ಲ, ಫಿಸಿಯೋಥೆರಪಿಸ್ಟ್. ಅದಕ್ಕೂ ಮೊದಲು ಡಾಕ್ಟರ್ ಇನ್ನೊಮ್ಮೆ ನೋಡಿದರು. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಜೋಮು, ಕಾಲಿನ ಶಕ್ತಿ ಕುಂದುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದ ಮೇಲೆ ಶುರುವಾದ ನೋವು, ರಾತ್ರಿ ಮಲಗಿದರೂ ಬಿಡದ ನೋವು. ಇವುಗಳಲ್ಲಿ ಒಂದಿದ್ದರೂ ವ್ಯಾಯಾಮದ ಮಾತು ಆಮೇಲೆ, ಮೊದಲು ಡಾಕ್ಟರು. ಮೂತ್ರದ ತೊಂದರೆ, ಜೋಮು ಇದ್ದರೆ ಅದೇ ದಿನ. ಅಮ್ಮನಿಗೆ ಯಾವುದೂ ಇರಲಿಲ್ಲ. ಅವರಿಗೆ ಉಳಿದಿದ್ದದ್ದು ಹೆದರಿಕೆ ಮತ್ತು ಎರಡು ವರ್ಷ ಕೂತ ಮೈ. ಹೆದರಿಕೆ ನನ್ನ ಕೆಲಸದೊಳಗೇ ಬರುತ್ತದೆ.

ಬೆಲ್ಟ್ ಬಗ್ಗೆಯೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟನೋವಿಗೆ ಮಾರ್ಗಸೂಚಿ ಕೊಟ್ಟಿದೆ. ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಚಿಕಿತ್ಸೆ ಬೇಕು ಎನ್ನುತ್ತದೆ. ಸೊಂಟದ ಬೆಲ್ಟನ್ನು ಅಭ್ಯಾಸವಾಗಿ ಕೊಡುವುದು ಬೇಡ ಎನ್ನುತ್ತದೆ. ಅಮ್ಮ ಬೆಲ್ಟನ್ನು ಒಂದೇ ಸಲ ಬಿಡಲಿಲ್ಲ. ಮೊದಲು ಊಟದ ಹೊತ್ತಿಗೆ ಬಿಚ್ಚಿದರು, ಆಮೇಲೆ ಮಧ್ಯಾಹ್ನವಿಡೀ.

ಫಿಸಿಯೋ ಕೊಟ್ಟದ್ದು ಜಾಸ್ತಿ ಏನಿಲ್ಲ. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ನಿಧಾನ ಎತ್ತಿ ಐದು ಎಣಿಸುವುದು, ಎಂಟು ಸಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ದಿನ ಮೂರೇ ಸಲ ಆಯಿತು. ಇನ್ನೊಂದು, ಕೈ, ಮೊಣಕಾಲು ಊರಿ ಬೆನ್ನನ್ನು ಮೇಲಕ್ಕೆ ಉಬ್ಬಿಸಿ ಕೆಳಕ್ಕೆ ಇಳಿಸುವುದು. ಅದನ್ನು ಕಲಿಸುವಾಗ ಅಮ್ಮ, “ಇದು ಅಂಗಳಕ್ಕೆ ಸೆಗಣಿ ಸಾರಿಸುದಲ್ವಾ? ಇದಕ್ಕೆ ಫೀಸ್ ಕೊಡುದಾ?” ಎಂದು ನಕ್ಕರು. ನಾನು ಅವರ ನಗು ನೋಡಿದ್ದು ಅದೇ ಮೊದಲು. ಮತ್ತೆ ನಡಿಗೆ. ಐದು ನಿಮಿಷದಿಂದ ಶುರು, ವಾರಕ್ಕೆ ಎರಡು ಮೂರು ನಿಮಿಷ ಏರಿಸುತ್ತಾ ಹೋಗುವುದು.

ನಡಿಗೆಯ ಮೇಲೆ ನನಗೆ ವಿಶೇಷ ಪ್ರೀತಿ, ಯಾಕೆಂದರೆ ಅದಕ್ಕೆ ಮ್ಯಾಟ್ ಬೇಡ, ಜಿಮ್ ಬೇಡ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಸ್ವಲ್ಪ ಸ್ವಲ್ಪ ಏರಿಸುತ್ತಾ, ವಾರಕ್ಕೆ ಐದು ಸಲ ಅರ್ಧ ಗಂಟೆ ನಡೆಯುವುದೇ ಅಲ್ಲಿನ ಗುರಿ, ಜೊತೆಗೆ ಫಿಸಿಯೋದವರ ಮಾತು. ನಡೆಯಲು ಹೊರಟವರಲ್ಲಿ ನೋವು ಮರಳಿ ಬರಲು ಸುಮಾರು 208 ದಿನ ಹಿಡಿಯಿತು. ಸುಮ್ಮನಿದ್ದವರಲ್ಲಿ 112. ಔಷಧಿ ಅಂಗಡಿಯಲ್ಲಿ ಸಿಗದ ಲಾಭ ಇದು. 65 ದಾಟಿದವರಿಗೆ ನಡಿಗೆಯ ಜೊತೆ ವಾರಕ್ಕೆ ಎರಡು ದಿನ ಸ್ನಾಯುಗಳ ಶಕ್ತಿಗೆ, ಮೂರು ದಿನ ಬ್ಯಾಲೆನ್ಸ್‌ಗೆ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿದ್ದು ಮೂಳೆ ಮುರಿಯುವುದನ್ನು ತಪ್ಪಿಸಲು ಅದು ಬೇಕೇ ಬೇಕು.

ಕಷ್ಟವಾದದ್ದು ಸೊಸೆಯ ಜೊತೆಗಿನ ಮಾತು. ಒಳ್ಳೆಯ ಹುಡುಗಿ. ಅತ್ತೆಯ ಕೈಯಿಂದ ಪೊರಕೆ ಕಿತ್ತುಕೊಂಡದ್ದು ಪ್ರೀತಿಯಿಂದಲೇ. “ಅತ್ತೆಗೆ ಕೆಲಸ ಬಿಡಿ” ಎಂದಾಗ ಅವರ ಕಣ್ಣು ತುಂಬಿತು. “ಮೇಡಂ, ಸೊಂಟ ನೋವಿರುವ ಅತ್ತೆಯ ಹತ್ತಿರ ಹೂ ಕೊಯ್ಸ್ತಾಳೆ ಅಂತ ಊರಿನವರು ಹೇಳ್ತಾರೆ. ಇವರೂ ನನ್ನನ್ನೇ ಕೇಳ್ತಾರೆ.” ಎಷ್ಟೋ ಮನೆಗಳಲ್ಲಿ ಹಿರಿಯರು ಮಂಚ ಹಿಡಿಯುವುದು ಈ ಮಾತಿನ ಹೆದರಿಕೆಗೆ. ಪ್ರಾಯವಾದವರನ್ನು ಕೂರಿಸಿ ಉಣ್ಣಿಸುವುದೇ ಸೇವೆ ಎಂದು ನಾವೆಲ್ಲ ಕಲಿತಿದ್ದೇವೆ. ನಾನು ಸೊಸೆಗೆ ಕೇಳಿದ್ದು ಒಂದೇ. ದಿನಕ್ಕೆ ಎಷ್ಟು ಸಲ ‘ಹುಷಾರು’, ‘ಬೇಡ ಬೇಡ’ ಎನ್ನುತ್ತೀರಿ ಎಂದು ಒಂದು ದಿನ ಎಣಿಸಿ. ಮರುವಾರ ಬಂದು, “ಮಧ್ಯಾಹ್ನದವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ,” ಎಂದರು. ಸಂಖ್ಯೆ ಹೇಳಲಿಲ್ಲ.

ಮೂರನೇ ವಾರಕ್ಕೆ ತಪ್ಪಾಯಿತು. ಅದರಲ್ಲಿ ನನ್ನ ಪಾಲೂ ಉಂಟು. ಒಂದು ಬೆಳಿಗ್ಗೆ ನೋವು ಕಮ್ಮಿ ಇತ್ತು. ಖುಷಿಯಲ್ಲಿ ಅಮ್ಮ ಇಡೀ ತೋಟ ಕೊಯ್ದರು, ಕೂತಲ್ಲೇ ಕೂತು ಅಷ್ಟೂ ಕಟ್ಟಿದರು. ಮರುದಿನ ಏಳಲು ಆಗಲಿಲ್ಲ. ಮಗ ಬೆಂಗಳೂರಿನಿಂದ ಫೋನ್ ಮಾಡಿದರು. “ನೀವು ಡಾಕ್ಟರಲ್ಲ. ಯಾವ ಧೈರ್ಯದಲ್ಲಿ ಬಗ್ಗಿ ಅಂತ ಹೇಳಿದ್ರಿ?”

ಅವರ ಸಿಟ್ಟು ನನಗೆ ಅರ್ಥವಾಯಿತು. ನೋವು ಜಾಸ್ತಿ ಇರುವ ದಿನದ ಬಗ್ಗೆ ನಾನು ಅಮ್ಮನಿಗೆ ಬೇಕಾದಷ್ಟು ಹೇಳಿದ್ದೆ, ಕಮ್ಮಿ ಇರುವ ದಿನದ ಬಗ್ಗೆ ಹೇಳಿರಲಿಲ್ಲ. ಅದನ್ನು ಮಗನ ಹತ್ತಿರ ಒಪ್ಪಿಕೊಂಡೆ. ಆದರೆ ಸಲಹೆಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡು ವರ್ಷ ಬಗ್ಗದೆ ಇದ್ದದ್ದರಿಂದ ಅಮ್ಮನ ನೋವು ಹೋಯಿತಾ ಎಂದು ಕೇಳಿದೆ. ಅವರು ಸುಮ್ಮನಾದರು. ಫಿಸಿಯೋ ಪರೀಕ್ಷೆ ಮಾಡಿ, ಹೊಸ ತೊಂದರೆ ಏನಿಲ್ಲ ಎಂದರು. ಎರಡು ದಿನ ಮನೆಯೊಳಗೇ ಸ್ವಲ್ಪ ಸ್ವಲ್ಪ ನಡೆದು, ಮತ್ತೆ ಅರ್ಧದಿಂದ ಶುರು ಮಾಡಿದೆವು. ಮೊದಲಾದರೆ ಮನೆಯವರು ಮಲಗಿಸಿಬಿಡುತ್ತಿದ್ದರು, ಈ ಸಲ ಮಲಗಿಸಲಿಲ್ಲ.

ಅಲ್ಲಿಂದ ಒಂದು ಲೆಕ್ಕ ಇಟ್ಟುಕೊಂಡೆವು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮೊದಲಿನಷ್ಟಕ್ಕೇ ಬಂದಿದ್ದರೆ ಸರಿ, ಮುಂದುವರಿಸಿ. ಜಾಸ್ತಿಯೇ ಇದ್ದರೆ ಅರ್ಧ ಮಾಡಿ, ನಿಲ್ಲಿಸಬೇಡಿ. ಒಳ್ಳೆಯ ದಿನವೂ ನಿನ್ನೆಯಷ್ಟೇ, ಒಂದು ಗಿಡ ಜಾಸ್ತಿ ಬೇಡ. ಒಂದು ಚೆಂಡು ಮಲ್ಲಿಗೆ ಕಟ್ಟುವುದರೊಳಗೆ ಎರಡು ಸಲವಾದರೂ ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬನ್ನಿ.

ಇದಾಗಿ ಒಂಬತ್ತು ತಿಂಗಳು. ನೋವು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದಿರುತ್ತದೆ, ಬಿಸಿನೀರು ಮೈಗೆ ಬಿದ್ದ ಮೇಲೆ ಬಿಡುತ್ತದೆ. ಬೆಲ್ಟ್ ಕಪಾಟಿನಲ್ಲಿದೆ. ನಿದ್ದೆ ಬರುತ್ತದೆ. ಎದೆಮಟ್ಟದ, ಸೊಂಟಮಟ್ಟದ ಮೊಗ್ಗು ಅಮ್ಮನ ಪಾಲು, ಬುಡದ್ದು ಸೊಸೆಯದ್ದು. ಕುರ್ಚಿಯಿಂದ ಏಳುವುದು ಈಗ ಹನ್ನೆರಡು ಸಲ ಆಗುತ್ತದೆ.

ಮಳೆಗಾಲದಲ್ಲಿ ನಡಿಗೆಯದ್ದೇ ಚಿಂತೆ ಇತ್ತು. ಅಂಗಳದಲ್ಲಿ ಪಾಚಿ, ಜಾರಿದರೆ ಆಯಿತಲ್ಲ. ಅಡಿಕೆ ಸೋಗೆ ಹಾಸಿದರೂ ಧೈರ್ಯ ಸಾಲದು. ಹಾಗಾಗಿ ಚಾವಡಿಯಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾರೆ. ನಲವತ್ತು ಸುತ್ತು. ಲೆಕ್ಕ ತಪ್ಪಬಾರದೆಂದು ತುಳುನಾಡಿನ ಆಟಿ ತಿಂಗಳಲ್ಲಿ ಹೊರಗೆ ತೆಗೆದ ಚೆನ್ನೆಮಣೆಯ (ಅಳಗುಳಿ ಮಣೆಯ) ಮಂಜೊಟ್ಟಿ ಬೀಜಗಳನ್ನು ಕಿಟಕಿಯ ದಂಡೆಯಲ್ಲಿ ಇಟ್ಟುಕೊಂಡಿದ್ದಾರೆ. ಒಂದು ಸುತ್ತಿಗೆ ಒಂದು ಬೀಜ ಈ ಕಡೆಯಿಂದ ಆ ಕಡೆಗೆ. ಮೊನ್ನೆ ಫೋನ್ ಮಾಡಿದ್ದರು. ಮಳೆಯ ಸದ್ದಿನಲ್ಲಿ ಅರ್ಧ ಮಾತು ಕೇಳಲಿಲ್ಲ. ನಮ್ಮ ಮನೆಯಲ್ಲಿ ಆಟಿ ಮುಗಿದರೆ ಚೆನ್ನೆಮಣೆ ಒಳಗಿಡುವ ಕ್ರಮ ಮೇಡಂ, ಆಮೇಲೆ ಲೆಕ್ಕಕ್ಕೆ ಎಂತ ಮಾಡುದು ಎಂದು ಕೇಳಿದರು. ನಾನು ಹೇಳುವ ಮೊದಲೇ ಅವರೇ, “ಹುಣಸೆ ಬೀಜ ಉಂಟಲ್ಲ, ಆಗ್ತದೆ,” ಎಂದು ಫೋನ್ ಇಟ್ಟರು.