ಪಟ್ಟೆ ಮಾಸಿದ ಮೀನಿಗೆ ಮದ್ದು ಬೇಡ

ಪ್ರಶ್ನೆ: ಸಾರ್, ನಮ್ಮ ತೋಟದ ಪಕ್ಕದ ಹಳ್ಳದಲ್ಲಿ ಮಗ ಐದು ಮೀನುಮರಿ ಹಿಡಿದು ತಂದ. ಮೈಮೇಲೆ ಕಪ್ಪು ಪಟ್ಟೆ ಇದ್ದವು, ನೋಡೋಕೆ ಚೆನ್ನಾಗಿದ್ದವು. ಎರಡು ತಿಂಗಳಲ್ಲಿ ಪಟ್ಟೆ ಮಾಸುತ್ತಾ ಬಂದಿವೆ. ಬಾಲದ ಹತ್ತಿರ ಒಂದು ಮಚ್ಚೆ ಮಾತ್ರ ಉಳಿದಿದೆ. ಎರಡಡಿ ಟ್ಯಾಂಕಲ್ಲಿ ಅಂಗಡಿಯಿಂದ ತಂದ ಗಪ್ಪಿಗಳ ಜೊತೆ ಇಟ್ಟಿದ್ದೇವೆ, ಚೆನ್ನಾಗಿ ತಿಂತಾವೆ. ಅಂಗಡಿಯವರು ಮೆಥಿಲೀನ್ ಬ್ಲೂ ಅನ್ನೋ ನೀಲಿ ಮದ್ದು ಕೊಟ್ಟಿದ್ದಾರೆ. ಹಾಕಲಾ?
– ಓದುಗರು, ಸಕಲೇಶಪುರ

ಉತ್ತರ: ಹಾಕಬೇಡಿ. ನೀವು ಕಳಿಸಿದ ಎರಡು ಫೋಟೋ ನೋಡಿದೆ. ನಿಮ್ಮ ಮೀನಿಗೆ ಕಾಯಿಲೆ ಇಲ್ಲ, ಅದು ದೊಡ್ಡದಾಗ್ತಾ ಇದೆ, ಅಷ್ಟೇ. ಇದು ಫಿಲಮೆಂಟ್ ಬಾರ್ಬ್, ನಮ್ಮ ಪಶ್ಚಿಮಘಟ್ಟದ್ದೇ ಮೀನು. ಮರಿಯಾಗಿದ್ದಾಗ ಅಡ್ಡಕ್ಕೆ ಕಪ್ಪು ಪಟ್ಟೆ ಇರುತ್ತವೆ, ಬೆಳೆದ ಹಾಗೆ ಅವು ಮಾಯವಾಗಿ ಬಾಲದ ಕಡೆ ಒಂದು ಉದ್ದನೆ ಕಪ್ಪು ಮಚ್ಚೆ ಉಳಿಯುತ್ತದೆ. ಬಾಲ ಎರಡು ಕವಲಾಗುತ್ತದಲ್ಲ, ಆ ಎರಡೂ ತುದಿ ನೋಡಿ: ಸ್ವಲ್ಪ ಕೆಂಪು, ಅದರ ಕೊನೆಗೆ ಕಪ್ಪು. ಮರಿಗೂ ದೊಡ್ಡದಕ್ಕೂ ಇದು ಒಳ್ಳೆ ಗುರುತು. ಗಂಡಾದರೆ ಇನ್ನು ಕೆಲವು ತಿಂಗಳಲ್ಲಿ ಬೆನ್ನಿನ ರೆಕ್ಕೆಯಿಂದ ದಾರದ ಹಾಗೆ ಎಳೆಗಳು ಹೊರಗೆ ಬರುತ್ತವೆ, ಹೆಸರು ಬಂದಿದ್ದೇ ಅದರಿಂದ.

ಇದರ ಜೊತೆ ಜನ ಗೊಂದಲ ಮಾಡಿಕೊಳ್ಳೋದು ಅರೂಲಿಯಸ್ ಬಾರ್ಬ್ ಅನ್ನೋ ಮೀನನ್ನು. ಅದು ಕಾವೇರಿ ಕಡೆಯದು, ನಿಮ್ಮ ಹೇಮಾವತಿಯೂ ಕೊನೆಗೆ ಕಾವೇರಿಗೇ ಸೇರುತ್ತದೆ, ಹಾಗಾಗಿ ಅನುಮಾನ ಬರೋದು ಸಹಜ. ಆದರೆ ಅದಕ್ಕೆ ಮೈಮೇಲಿನ ಮೂರು ಕಪ್ಪು ಗುರುತು ದೊಡ್ಡದಾದ ಮೇಲೂ ಉಳಿಯುತ್ತವೆ. ಎರಡನ್ನೂ ಮೊದಲು ಪುಂಟಿಯಸ್ ಅಂತ ಕರೀತಿದ್ದರು, 2012ರಲ್ಲಿ ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಹೆಸರಿನಿಂದ ಡಾಕಿನ್ಸಿಯಾ ಅಂತ ಬೇರೆ ಕುಲ ಮಾಡಿದರು. ಹಳೇ ಪುಸ್ತಕದಲ್ಲಿ ಹುಡುಕಿದರೆ ಹಳೇ ಹೆಸರೇ ಸಿಗುತ್ತದೆ.

ಕಾಯಿಲೆಗೆ ಬಣ್ಣ ಮಾಸೋದೇ ಬೇರೆ ಥರ. ಪೂರ್ತಿ ಮೈ ಮಂಕಾಗುತ್ತದೆ, ರೆಕ್ಕೆ ಮುದುರಿಕೊಂಡಿರುತ್ತದೆ, ಮೂಲೆಯಲ್ಲಿ ನಿಂತಿರುತ್ತದೆ, ಕಾಳು ಹಾಕಿದರೂ ಬರೋದಿಲ್ಲ. ನಿಮ್ಮವು ಚೆನ್ನಾಗಿ ತಿಂತಾವೆ ಅಂತ ಬರೆದಿದ್ದೀರಿ. ಸುಮ್ನೆ ಮೆಥಿಲೀನ್ ಬ್ಲೂ ಹಾಕಿದರೆ ಫಿಲ್ಟರ್‌ನಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾಗೆ ಪೆಟ್ಟು ಬೀಳುತ್ತದೆ. ಮೀನಿನ ಕಸದಿಂದ ಬರೋ ಅಮೋನಿಯಾವನ್ನು ತಿಂದು ನೀರು ಸರಿ ಇಡೋದು ಅವೇ. ಆಗ ಇಲ್ಲದ ಕಾಯಿಲೆ ನಿಜವಾಗಿಯೂ ಬರುತ್ತದೆ. ನನಗೆ ಬರೋ ಪತ್ರಗಳಲ್ಲಿ ಎಷ್ಟೋ ಮೀನು ಸತ್ತಿರೋದು ಹೀಗೆ, ಓದುವಾಗ ಬೇಜಾರಾಗುತ್ತದೆ.

ನಿಜವಾದ ಸಮಸ್ಯೆ ಜಾಗದ್ದು. ಇವು 12–15 ಸೆಂಟಿಮೀಟರ್ ಬೆಳೆಯುತ್ತವೆ, ಗುಂಪಾಗಿ ಓಡಾಡುತ್ತವೆ. ನಿಮ್ಮ ಎರಡಡಿ ಟ್ಯಾಂಕ್ ಸಾಲದು, 4 ಅಡಿಯದು ಬೇಕು, ಮೇಲೆ ಮುಚ್ಚಳವೂ ಬೇಕು, ಯಾಕಂದ್ರೆ ಹಾರುತ್ತವೆ. ಆಗೋದಿಲ್ಲ ಅಂದರೆ ವಾಪಸ್ ಹಳ್ಳಕ್ಕೆ ಬಿಡೋಣ ಅಂದುಕೊಳ್ಳಬೇಡಿ. ಅಂಗಡಿ ಗಪ್ಪಿಗಳ ಜೊತೆ ಎರಡು ತಿಂಗಳು ಇದ್ದವು ಅಲ್ವಾ, ಅವುಗಳ ರೋಗ ಹಳ್ಳಕ್ಕೆ ಹೋಗಬಾರದು. ದೊಡ್ಡ ಟ್ಯಾಂಕ್ ಇರೋ ಯಾರಿಗಾದರೂ ಕೊಡಿ. ಮಗನಿಗೆ ಮುಂದಿನ ಸಲ ಹಳ್ಳದ ದಡದಲ್ಲೇ ಕೂತು ನೋಡೋಕೆ ಹೇಳಿ, ನೀರು ತಿಳಿಯಾಗಿರೋ ಕಾಲದಲ್ಲಿ ಅಲ್ಲೇ ಎಲ್ಲಾ ಕಾಣುತ್ತದೆ.

ಪ್ರಶ್ನೆ: ಡಿಸೆಂಬರ್ ಚಳಿ ಶುರುವಾದಾಗಿನಿಂದ ನಮ್ಮ ಮಾಲಿ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಬಂದಿವೆ. ಕಲ್ಲಿಗೆ ಮೈ ಉಜ್ಜುತ್ತವೆ. ಹೀಟರ್ ಇಲ್ಲ.
– ಓದುಗರು, ಚಿಕ್ಕಮಗಳೂರು

ಉತ್ತರ: ಚುಕ್ಕೆ ರವೆ ಕಾಳಿನ ಹಾಗಿದ್ದರೆ ಅದು ಇಕ್, ಅಂದರೆ ಬಿಳಿಚುಕ್ಕೆ ರೋಗ. ಹತ್ತಿಯ ಹಾಗೆ ನಯವಾಗಿ ಅಂಟಿದ್ದರೆ ಬೂಷ್ಟು, ಅದು ಬೇರೆ. (ಗೋಲ್ಡ್‌ಫಿಶ್ ಇಟ್ಟವರಿಗೊಂದು ಮಾತು: ಕಿವಿರಿನ ಮುಚ್ಚಳದ ಮೇಲೆ ಮಾತ್ರ ಬಿಳಿ ಚುಕ್ಕೆ ಬಂದರೆ ಗಂಡು ಮೀನು ಬೆದೆಗೆ ಬಂದಿರಬಹುದು, ಗಾಬರಿ ಬೇಡ.)

ಇಕ್ ಪರೋಪಜೀವಿ ಚರ್ಮದ ಒಳಗಿರುವಾಗ ಔಷಧಿ ಅದಕ್ಕೆ ತಾಕೋದಿಲ್ಲ. ಉದುರಿ ತಳಕ್ಕೆ ಬಿದ್ದು, ನೂರಾರಾಗಿ ಒಡೆದು, ಹೊಸ ಮೀನು ಹುಡುಕಿಕೊಂಡು ಈಜುವಾಗ ಮಾತ್ರ ಸಾಯುತ್ತದೆ. ನೀರು ಬೆಚ್ಚಗಾದಷ್ಟೂ ಆ ಹಂತ ಬೇಗ ಬರುತ್ತದೆ. ಅದಕ್ಕೇ ಮೊದಲು ಹೀಟರ್ ತನ್ನಿ, ಲೀಟರಿಗೆ ಒಂದು ವ್ಯಾಟ್ ಲೆಕ್ಕ. ಒಂದೇ ಸಲಕ್ಕೆ ಬೇಡ, ಎರಡು ದಿನದಲ್ಲಿ ನಿಧಾನವಾಗಿ 28–29 ಡಿಗ್ರಿಗೆ ಏರಿಸಿ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ, ಗಾಳಿ ಪಂಪ್ ನಿಲ್ಲಿಸಬೇಡಿ. ಲೀಟರಿಗೆ 1–2 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕಿ, ಮಾಲಿಗೆ ಉಪ್ಪು ಒಗ್ಗುತ್ತದೆ, ಗಿಡಗಳು ಬಾಡಬಹುದು. ದಿನಾ ತಳದ ಕಸ ಪೈಪಿನಿಂದ ಎಳೆಯಿರಿ. ಚುಕ್ಕೆ ಹೋಯ್ತು ಅಂತ ಮೂರನೇ ದಿನವೇ ನಿಲ್ಲಿಸಬೇಡಿ, ಕಡಿಮೆ ಅಂದ್ರೂ 10 ದಿನ ಮುಂದುವರಿಸಿ.

ಕರೆಂಟ್ ಹೋದಾಗ ಟ್ಯಾಂಕ್ ಸುತ್ತ ಹಳೇ ಕಂಬಳಿ ಸುತ್ತಿ. ನಾನು ಈಗಲೂ ಅದನ್ನೇ ಮಾಡೋದು.

ಪ್ರಶ್ನೆ: ಗಪ್ಪಿಯಲ್ಲಿ ಗಂಡು ಹೆಣ್ಣು ಹೇಗೆ ಗುರುತಿಸೋದು?
– ಓದುಗರು, ಬೇಲೂರು

ಉತ್ತರ: ಹೊಟ್ಟೆಯ ಕೆಳಗೆ, ಬಾಲದ ಕಡೆಗಿರೋ ರೆಕ್ಕೆ ನೋಡಿ. ಕಡ್ಡಿಯ ಹಾಗೆ ಚೂಪಾಗಿದ್ದರೆ ಗಂಡು, ಬೀಸಣಿಗೆಯ ಹಾಗಿದ್ದರೆ ಹೆಣ್ಣು. ಗಂಡನ್ನು ಬೇರೆ ಮಾಡಿದ ಮೇಲೂ ಹೆಣ್ಣು ಕೆಲವು ತಿಂಗಳು ಮರಿ ಹಾಕುತ್ತಲೇ ಇರುತ್ತದೆ.

ಪ್ರಶ್ನೆ: ಗಾಜು ಕ್ಲೀನ್ ಮಾಡುತ್ತದೆ ಅಂತ ತಂದ ಸಕ್ಕರ್ ಮೀನು ಈಗ ಒಂದಡಿ ಆಗಿದೆ. ಅಮ್ಮ ಕೆರೆಗೆ ಬಿಡು, ಪುಣ್ಯ ಬರುತ್ತೆ ಅಂತಾರೆ.
– ಓದುಗರು, ಹಾಸನ

ಉತ್ತರ: ಅಮ್ಮನ ಮನಸ್ಸು ನನಗೆ ಅರ್ಥವಾಗುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈ ಮುಗಿಯೋ ಜನ ನಾವು. ಆದರೆ ಈ ಮೀನು ದಕ್ಷಿಣ ಅಮೆರಿಕದ್ದು. ಬೆನ್ನಿನ ರೆಕ್ಕೆ ಹಾಯಿಯ ಹಾಗೆ ಅಗಲ, ಅದರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಎಳೆ ಇದ್ದರೆ ಅದೇ. ನೀರಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ, ಕೆರೆ ದಡದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೈಮೇಲೆ ಗಟ್ಟಿ ಕವಚ, ಮುಳ್ಳು. ಹಾಗಾಗಿ ಇಲ್ಲಿನ ಮೀನು ಅದನ್ನು ಸುಲಭಕ್ಕೆ ತಿನ್ನೋದಿಲ್ಲ. ಅಯ್ಯನಕೆರೆಗಾಗಲಿ ಯಗಚಿಗಾಗಲಿ ನಿಮ್ಮ ಊರ ಕೆರೆಗಾಗಲಿ ದಯವಿಟ್ಟು ಬಿಡಬೇಡಿ.

ಅಂಗಡಿಯವರು ವಾಪಸ್ ತಗೊಳ್ತಾರಾ ಕೇಳಿ. ಅಲ್ಲಿಯವರೆಗೆ ಹೀರೇಕಾಯಿ, ಸೌತೆಕಾಯಿ ಹೋಳು ಹಾಕಿ. ಪಾಚಿ ತಿನ್ನೋ ಮೀನೇ ಬೇಕಿದ್ದರೆ ಬ್ರಿಸಲ್‌ನೋಸ್ ಕೇಳಿ ತನ್ನಿ, ಅದು ಒಂದು ಗೇಣು ಕೂಡ ಮೀರೋದಿಲ್ಲ.