ಕಾರಿನ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ0301 ಕೋಡ್ ಬಂದರೆ ಇಗ್ನಿಷನ್ ಕಾಯಿಲ್ ಬದಲಿಸಬೇಕೇ?

ಕೂಡಲೇ ಬೇಡ. ಕಾಯಿಲ್ ಎಂದರೆ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ. ಒಂದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಪಿ0301 ಹೇಳುತ್ತದೆ. ಆ ಸಿಲಿಂಡರಿನ ಸರದಿ ಬಂದಾಗ ಎಂಜಿನ್ ತಿರುಗುವ ವೇಗ ತುಸು ಕುಗ್ಗುವುದನ್ನು ಕಾರಿನ ಕಂಪ್ಯೂಟರ್ ಹಿಡಿಯುತ್ತದೆ. ಕೆಟ್ಟದ್ದು ಕಾಯಿಲೋ, ಕಿಡಿ ಹಾರಿಸುವ ಪ್ಲಗ್ಗೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ ಅದಕ್ಕೆ ತಿಳಿಯದು.

ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲ್ ಇರುವ ಕಾರಾದರೆ, ಎಂಜಿನ್ ತಣಿದ ಮೇಲೆ 1 ಮತ್ತು 2ನೇ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಎರಡನೇ ಸಿಲಿಂಡರಿನ ಕೋಡ್ ಪಿ0302 ಬಂದರೆ ಕಾಯಿಲೇ ಕೆಟ್ಟಿದೆ. ಮತ್ತೆ ಪಿ0301 ಬಂದರೆ ಪ್ಲಗ್ಗುಗಳನ್ನು ಹಾಗೆಯೇ ಮಾಡಿ ನೋಡಿ.

ಕಾಸರಗೋಡಿನ ಆಟಿ ಮಳೆಯಲ್ಲಿ ಕಾಯಿಲ್ ಎತ್ತಿದರೆ ಪ್ಲಗ್ ಗುಂಡಿಯಲ್ಲಿ ನೀರು ನಿಂತಿರುವುದೂ ಉಂಟು. ಅದನ್ನು ಪೂರ್ತಿ ಒರೆಸದೆ ಪ್ಲಗ್ ಬಿಚ್ಚಲೇಬೇಡಿ, ನೀರು ಸಿಲಿಂಡರಿಗೆ ಇಳಿಯುತ್ತದೆ. ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಓಡಿಸುವುದು ಬೇಡ: ಉರಿಯದ ಪೆಟ್ರೋಲ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.